ಮೈಕ್ರೋಪ್ಲಾಸ್ಟಿಕ್ ಮತ್ತು ಮೆದುಳು: ಪದೇ ಪದೇ ಕೇಳುವ ಪ್ರಶ್ನೆಗಳು

"ನಮ್ಮ ತಲೆಯೊಳಗೆ ಒಂದು ಚಮಚದಷ್ಟು ಪ್ಲಾಸ್ಟಿಕ್ ಇದೆಯಂತೆ!" 2025ರ ಫೆಬ್ರವರಿಯಲ್ಲಿ ಹೊರಟ ಈ ಸುದ್ದಿ ಇನ್ನೂ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ಅದರ ಹಿಂದೆಯೇ ನೂರು ಪ್ರಶ್ನೆಗಳು. ಪ್ಲಾಸ್ಟಿಕ್ ಮೆದುಳಿಗೆ ಹೋಗುತ್ತದಾ ಅನ್ನುವುದು ಒಂದು ಮಾತು. ಹೋದರೆ ಕಾಯಿಲೆ ಬರುತ್ತದಾ ಅನ್ನುವುದು ಬೇರೆಯೇ ಮಾತು. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಇಲ್ಲಿ ಅವನ್ನು ಬಿಡಿಸಿ ನೋಡೋಣ.

ಮೈಕ್ರೋಪ್ಲಾಸ್ಟಿಕ್ ಅಂದರೆ ಎಷ್ಟು ಚಿಕ್ಕದು?

5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳಿಗೆಲ್ಲ ಇದೇ ಹೆಸರು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಮುದ್ರ ವಿಜ್ಞಾನಿ ರಿಚರ್ಡ್ ಥಾಂಪ್ಸನ್ 2004ರಲ್ಲಿ ಬರೆದ ಲೇಖನದಿಂದ ಈ ಹೆಸರು ಎಲ್ಲ ಕಡೆ ಹರಡಿತು. ಇನ್ನೂ ಚಿಕ್ಕವು, ಅಂದರೆ ಒಂದು ಮೈಕ್ರಾನ್‌ಗಿಂತ ಸಣ್ಣವು, ನ್ಯಾನೋಪ್ಲಾಸ್ಟಿಕ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಕಣ್ಣಿಗೆ ಕಾಣುವ ಚೂರು ಮೆದುಳಿಗೆ ಹೋಗುವುದಿಲ್ಲ, ಅದು ಹೊಟ್ಟೆಯಿಂದ ಹಾಗೇ ಹೊರಗೆ ಹೋಗುತ್ತದೆ. ಮೆದುಳಿನ ವಿಚಾರದಲ್ಲಿ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ನ್ಯಾನೋ ಚೂರುಗಳೇ.

ಇವು ನಮ್ಮ ಮೈಗೆ ಸೇರುವುದು ಹೇಗೆ?

ಊಟ, ನೀರು, ಉಸಿರು. ಮುಖ್ಯವಾಗಿ ಮೂರೇ ದಾರಿ.

ಮೂಲಗಳು ಮಾತ್ರ ಲೆಕ್ಕವಿಲ್ಲದಷ್ಟು. ರಸ್ತೆಯಲ್ಲಿ ಸವೆಯುವ ಟೈರು, ಒಗೆದಾಗ ಉದುರುವ ಪಾಲಿಯೆಸ್ಟರ್ ಎಳೆ, ಬಿಸಿಲಿಗೆ ಪುಡಿಯಾದ ಕವರು, ಬಾಟಲಿಯ ಮುಚ್ಚಳ ತಿರುಗಿಸುವಾಗ ಬೀಳುವ ಪುಡಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಟಲಿ ನೀರನ್ನು ಲೇಸರ್ ಬೆಳಕಿನಲ್ಲಿ ಪರೀಕ್ಷಿಸಿದಾಗ ಒಂದು ಲೀಟರಿನಲ್ಲಿ ಸರಾಸರಿ 2,40,000 ಚೂರುಗಳು ಸಿಕ್ಕವು. ಅದರಲ್ಲಿ ಶೇ 90ರಷ್ಟು ನ್ಯಾನೋ. ಹಿಂದಿನವರ ಲೆಕ್ಕದಲ್ಲಿ ಇಷ್ಟು ಇರಲಿಲ್ಲ. ನೀರು ಏಕಾಏಕಿ ಕೆಟ್ಟಿತು ಅಂತಲ್ಲ, ಹಳೆಯ ಉಪಕರಣಗಳಿಗೆ ಇಷ್ಟು ಸಣ್ಣವು ಕಾಣುತ್ತಲೇ ಇರಲಿಲ್ಲ.

ವಾರಕ್ಕೊಂದು ಕ್ರೆಡಿಟ್ ಕಾರ್ಡ್‌ನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ ಅನ್ನುವುದು ನಿಜವಾ?

ಇಲ್ಲ. ವಾರಕ್ಕೆ 5 ಗ್ರಾಂ ಅನ್ನುವ ಆ ಲೆಕ್ಕ 2019ರದ್ದು, ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯ ವನ್ಯಜೀವಿ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಗಾಗಿ ಮಾಡಿದ್ದು. ಆಮೇಲೆ ಲೆಕ್ಕ ಮಾಡಿದವರಿಗೆ ಸಿಕ್ಕ ಅಂಕಿ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಕಾರ್ಡಿನ ಚಿತ್ರ ಮನಸ್ಸಿಗೆ ನಾಟಿಬಿಟ್ಟಿದೆ, ಹಾಗಾಗಿ ಸಾಯುತ್ತಿಲ್ಲ.

ಮನುಷ್ಯರ ಮೆದುಳಿನಲ್ಲಿ ನಿಜಕ್ಕೂ ಪ್ಲಾಸ್ಟಿಕ್ ಸಿಕ್ಕಿದೆಯಾ?

ಸಿಕ್ಕಿದೆ ಅಂತ ವರದಿ ಮಾಡಿದ ಎರಡು ಅಧ್ಯಯನಗಳು ಮುಖ್ಯ.

ಮೊದಲನೆಯದು ಬ್ರೆಜಿಲ್‌ನ ಸಾವೊ ಪಾಲೊ ನಗರದ್ದು, 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಸತ್ತ 15 ಜನರ ಮೆದುಳಿನಲ್ಲಿ ವಾಸನೆಯನ್ನು ಗ್ರಹಿಸುವ ಭಾಗವನ್ನು ಪರೀಕ್ಷಿಸಿದರು. 8 ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಒಟ್ಟು 16 ಚೂರು ಮತ್ತು ಎಳೆಗಳು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಪಾಲಿಪ್ರೊಪಿಲೀನ್, ಅಂದರೆ ಊಟದ ಡಬ್ಬಿಗೆ, ಬಾಟಲಿ ಮುಚ್ಚಳಕ್ಕೆ ಬಳಸುವ ಪ್ಲಾಸ್ಟಿಕ್.

ಎರಡನೆಯದೇ ಚಮಚದ ಸುದ್ದಿ ಹುಟ್ಟಿಸಿದ್ದು. ಅಮೆರಿಕದ ಅಲ್ಬುಕರ್ಕಿಯಲ್ಲಿರುವ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಯಾಂಪೆನ್ ತಂಡದ ಈ ಅಧ್ಯಯನ 2025ರ ಫೆಬ್ರವರಿಯಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. 2016ರಲ್ಲಿ ಮತ್ತು 2024ರಲ್ಲಿ ಸತ್ತವರ ಮರಣೋತ್ತರ ಪರೀಕ್ಷೆಯಲ್ಲಿ ತೆಗೆದಿಟ್ಟ ಲಿವರ್, ಕಿಡ್ನಿ ಮತ್ತು ಮೆದುಳಿನ ಮುಂಭಾಗದ ತುಣುಕುಗಳನ್ನು ಅವರು ಹೋಲಿಸಿದರು. ಮೆದುಳಿನಲ್ಲಿ ಸಿಕ್ಕ ಪ್ರಮಾಣ ಲಿವರ್, ಕಿಡ್ನಿಗಿಂತ ಹತ್ತು ಪಟ್ಟಿನಷ್ಟು ಜಾಸ್ತಿ ಇತ್ತು. ಮುಕ್ಕಾಲು ಪಾಲು ಪಾಲಿಥಿಲೀನ್, ನಮ್ಮ ಕವರುಗಳ ಪ್ಲಾಸ್ಟಿಕ್. 2016ಕ್ಕಿಂತ 2024ರ ಮೆದುಳುಗಳಲ್ಲಿ ಸುಮಾರು ಶೇ 50ರಷ್ಟು ಹೆಚ್ಚು.

ಒಂದು ವಿಚಿತ್ರ ಗಮನಿಸಿ. ಸತ್ತವರ ವಯಸ್ಸಿಗೂ ಪ್ಲಾಸ್ಟಿಕ್ ಪ್ರಮಾಣಕ್ಕೂ ಸಂಬಂಧ ಕಾಣಲಿಲ್ಲ. ಜೀವನವಿಡೀ ಸುಮ್ನೆ ಕೂಡುತ್ತಾ ಹೋಗುವುದಾದರೆ ವಯಸ್ಸಾದವರಲ್ಲಿ ಜಾಸ್ತಿ ಇರಬೇಕಿತ್ತು, ಅಲ್ವಾ? ದೇಹ ಇದನ್ನು ಸ್ವಲ್ಪ ಮಟ್ಟಿಗೆ ಹೊರಹಾಕುತ್ತಿರಬಹುದು ಅನ್ನುವ ಯೋಚನೆಗೆ ಇದೇ ಆಧಾರ.

ಆ "ಒಂದು ಚಮಚ" ಲೆಕ್ಕ ಎಲ್ಲಿಂದ ಬಂತು?

2024ರ ಮಾದರಿಗಳ ನಡುಮಧ್ಯದ ಅಂಕಿ ಒಂದು ಗ್ರಾಂ ಮೆದುಳಿಗೆ 4,917 ಮೈಕ್ರೋಗ್ರಾಂ ಪ್ಲಾಸ್ಟಿಕ್. ಅಂದರೆ ಸುಮಾರು ಅರ್ಧ ಪರ್ಸೆಂಟ್. ವಯಸ್ಕರ ಮೆದುಳು ಸುಮಾರು 1,400 ಗ್ರಾಂ ತೂಗುತ್ತದೆ. ಗುಣಿಸಿದರೆ 7 ಗ್ರಾಂ ಹತ್ತಿರ. ಒಂದು ಪ್ಲಾಸ್ಟಿಕ್ ಚಮಚದ ತೂಕವೂ ಅಷ್ಟೇ.

ಯಾರೂ ಇಡೀ ಮೆದುಳನ್ನು ಕರಗಿಸಿ 7 ಗ್ರಾಂ ಪ್ಲಾಸ್ಟಿಕ್ ತೂಗಿಲ್ಲ. ಒಂದು ಸಣ್ಣ ತುಣುಕಿನಲ್ಲಿ ಅಳೆದದ್ದನ್ನು ಇಡೀ ಮೆದುಳಿಗೆ ಗುಣಿಸಿದ್ದು ಅಷ್ಟೇ. ಆ ಅಳತೆಯಲ್ಲೇ ತಪ್ಪಿದ್ದರೆ ಚಮಚವೂ ತಪ್ಪು.

ಅಳತೆಯಲ್ಲಿ ತಪ್ಪಿರಬಹುದು ಅಂತ ಹೇಳುವವರು ಯಾರು? ಯಾಕೆ?

ಪ್ಲಾಸ್ಟಿಕ್ ಅಳೆಯುವ ರಸಾಯನ ವಿಜ್ಞಾನಿಗಳೇ. ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಹೆಲ್ಮ್‌ಹೋಲ್ಟ್ಸ್ ಪರಿಸರ ಸಂಶೋಧನಾ ಕೇಂದ್ರದ ದುಶಾನ್ ಮಾಟೆರಿಚ್ ಮತ್ತು ಇತರರು 2025ರ ಕೊನೆಯಲ್ಲಿ ಅದೇ 'ನೇಚರ್ ಮೆಡಿಸಿನ್'ನಲ್ಲಿ ಆಕ್ಷೇಪ ಬರೆದರು.

ಜಗಳ ಇರುವುದು ವಿಧಾನದ ಬಗ್ಗೆ. ಮಾದರಿಯನ್ನು ಕೆಲವು ನೂರು ಡಿಗ್ರಿ ಶಾಖಕ್ಕೆ ಒಡ್ಡಿ, ಒಡೆದು ಬರುವ ಅನಿಲಗಳನ್ನು ಯಂತ್ರ ಗುರುತಿಸುತ್ತದೆ. ಪಾಲಿಥಿಲೀನ್ ಅಂದರೆ ಇಂಗಾಲದ ಉದ್ದನೆ ಸರಪಳಿ. ಅದು ಒಡೆದರೆ ತುಂಡು ತುಂಡು ಸರಪಳಿಗಳು ಬರುತ್ತವೆ. ಅವನ್ನು ಎಣಿಸಿ ಇಷ್ಟು ಪ್ಲಾಸ್ಟಿಕ್ ಇತ್ತು ಅಂತ ಹೇಳುತ್ತಾರೆ. ತೊಂದರೆ ಏನೆಂದರೆ, ಕೊಬ್ಬಿನಲ್ಲೂ ಇಂಗಾಲದ ಉದ್ದನೆ ಸರಪಳಿಗಳೇ ಇರುವುದು. ಅದನ್ನು ಸುಟ್ಟರೂ ಅದೇ ತುಂಡುಗಳು ಬರಬಹುದು. ನೀರಿನಂಶ ಬಿಟ್ಟರೆ ಮೆದುಳಿನ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬೇ! ಲಿವರ್, ಕಿಡ್ನಿಗಿಂತ ಮೆದುಳಿನಲ್ಲಿ ಪಾಲಿಥಿಲೀನ್ ಯಾಕೆ ಅಷ್ಟು ಜಾಸ್ತಿ ಕಂಡಿತು ಅನ್ನುವುದಕ್ಕೆ ಇದೂ ಒಂದು ಉತ್ತರ ಇರಬಹುದು.

ನ್ಯೂ ಮೆಕ್ಸಿಕೊ ತಂಡ ಇದನ್ನು ಮರೆತಿರಲಿಲ್ಲ. ಕ್ಷಾರ ಹಾಕಿ ಕೊಬ್ಬನ್ನು ಕರಗಿಸಿ, ಜೋರಾಗಿ ತಿರುಗಿಸಿ ಗಟ್ಟಿ ಪದಾರ್ಥವನ್ನು ಬೇರೆ ಮಾಡಿತ್ತು. ಕೊಬ್ಬು ಪೂರ್ತಿ ಹೋಯಿತು ಅನ್ನುವುದಕ್ಕೆ ಸಾಕಷ್ಟು ಪುರಾವೆ ಕೊಟ್ಟಿಲ್ಲ ಅನ್ನುವುದು ಆಕ್ಷೇಪ. ಇನ್ನೊಂದು ಆಕ್ಷೇಪ ಕಲಬೆರಕೆಯದು. ಲ್ಯಾಬಿನ ಗಾಳಿ, ಕೈಗವಸು, ಮಾದರಿ ಇಟ್ಟ ಡಬ್ಬಿ, ಎಲ್ಲ ಕಡೆ ಪ್ಲಾಸ್ಟಿಕ್ಕೇ. ಮೆದುಳಿನ ತುಣುಕೇ ಇಲ್ಲದ ಖಾಲಿ ಮಾದರಿ ಇಟ್ಟು ಪದೇ ಪದೇ ಪರೀಕ್ಷಿಸದಿದ್ದರೆ ಹೊರಗಿನದು ಯಾವುದು, ಒಳಗಿನದು ಯಾವುದು ಅಂತ ಗೊತ್ತಾಗುವುದಿಲ್ಲ.

ನನಗಂತೂ ಈ ಆಕ್ಷೇಪ ತೂಕದ್ದು ಅನ್ನಿಸುತ್ತದೆ. ಮೆದುಳಿನ ಇನ್ನೂರರಲ್ಲಿ ಒಂದು ಪಾಲು ಪ್ಲಾಸ್ಟಿಕ್ ಅಂದರೆ ಸಣ್ಣ ಮಾತಲ್ಲ. ಆ ಅಂಕಿಯನ್ನು ಬೇರೆ ಲ್ಯಾಬುಗಳು ಬೇರೆ ವಿಧಾನದಲ್ಲಿ ಅಳೆದು ತೋರಿಸುವವರೆಗೆ ನೆಚ್ಚಿಕೊಳ್ಳುವ ಹಾಗಿಲ್ಲ.

ಹಾಗಾದರೆ ಇದೆಲ್ಲ ಸುಳ್ಳಾ?

ಹಾಗೂ ಅಲ್ಲ. ಪ್ರಮಾಣದ ಬಗ್ಗೆ ಅನುಮಾನ ಇದೆ ಅಂದರೆ ಪ್ಲಾಸ್ಟಿಕ್ ಇಲ್ಲವೇ ಇಲ್ಲ ಅಂತಲ್ಲ. ಸಾವೊ ಪಾಲೊದವರು ಬಳಸಿದ್ದು ಬೇರೆ ವಿಧಾನ. ಅವರು ಒಂದೊಂದು ಚೂರಿನ ಮೇಲೆ ಬೆಳಕು ಹಾಯಿಸಿ ಗುರುತಿಸಿದರು. ಅಲ್ಲಿ ಕೊಬ್ಬಿನ ಗೊಂದಲ ಕಡಿಮೆ, ಆದರೆ ತೀರಾ ಸಣ್ಣ ನ್ಯಾನೋ ಚೂರುಗಳು ಆ ವಿಧಾನಕ್ಕೆ ಸಿಗುವುದಿಲ್ಲ. ಇಲಿಗಳಲ್ಲಂತೂ ಪ್ಲಾಸ್ಟಿಕ್ ಮೆದುಳು ಸೇರುವುದನ್ನು ಕಣ್ಣಾರೆ ನೋಡಿದ್ದಾರೆ.

ಮೆದುಳಿಗೆ ಕಾವಲು ಇದೆಯಲ್ಲ, ಅದನ್ನು ದಾಟುವುದು ಹೇಗೆ?

ಮೆದುಳಿನ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದಂತೆ ಇದು ತಡೆಯುತ್ತದೆ. ಎಷ್ಟೋ ಔಷಧಿಗಳೇ ಇದನ್ನು ದಾಟಲಾರವು.

2023ರಲ್ಲಿ ಆಸ್ಟ್ರಿಯಾದ ವಿಯೆನ್ನಾ ವೈದ್ಯಕೀಯ ವಿಶ್ವವಿದ್ಯಾಲಯದವರು ಇಲಿಗಳಿಗೆ ಮೂರು ಅಳತೆಯ ಪಾಲಿಸ್ಟೈರೀನ್ (ಥರ್ಮೊಕೋಲ್ ಮಾಡುವ ಪ್ಲಾಸ್ಟಿಕ್) ಕಣಗಳನ್ನು ಬಾಯಿಯ ಮೂಲಕ ಕೊಟ್ಟರು: ಸುಮಾರು 9.5 ಮೈಕ್ರಾನ್, 1.1 ಮೈಕ್ರಾನ್, 0.3 ಮೈಕ್ರಾನ್. ಎರಡು ಗಂಟೆಯೊಳಗೆ 0.3 ಮೈಕ್ರಾನ್ ಕಣಗಳು ಮೆದುಳಿನಲ್ಲಿ ಕಂಡವು. ದೊಡ್ಡವು ಹೋಗಲಿಲ್ಲ. ಕಣದ ಮೇಲೆ ಯಾವ ಪದರ ಕೂತಿದೆ ಅನ್ನುವುದೂ ಮುಖ್ಯ ಅಂತ ಅವರ ಕಂಪ್ಯೂಟರ್ ಲೆಕ್ಕ ತೋರಿಸಿತು. ಕೊಲೆಸ್ಟ್ರಾಲ್ ಪದರ ಇದ್ದರೆ ಒಳಗೆ ಹೋಗುವುದು ಸುಲಭ, ಪ್ರೋಟೀನ್ ಪದರ ಇದ್ದರೆ ಕಷ್ಟ.

ಮೂಗಿನಿಂದ ನೇರವಾಗಿ ಹೋಗಬಹುದಾ?

ಆ ಅನುಮಾನ ಇರುವುದರಿಂದಲೇ ಸಾವೊ ಪಾಲೊದವರು ವಾಸನೆಯ ಭಾಗವನ್ನು ಆರಿಸಿಕೊಂಡದ್ದು. ಮೂಗಿನ ಮೇಲ್ಗಡೆ ಜಾಲರಿಯಂಥ ಮೂಳೆ ಇದೆ. ವಾಸನೆಯ ನರಗಳು ಅದರ ತೂತುಗಳ ಮೂಲಕ ಮೆದುಳಿಗೆ ಹೋಗುತ್ತವೆ. ಹೊಗೆಯ ಅತಿ ಸಣ್ಣ ಕಣಗಳು ಈ ದಾರಿ ಹಿಡಿಯಬಲ್ಲವು ಅನ್ನುವುದಕ್ಕೆ ಹಿಂದಿನಿಂದಲೂ ಪುರಾವೆ ಇದೆ. ಪ್ಲಾಸ್ಟಿಕ್ಕಿಗೂ ಅದೇ ದಾರಿ ಇರಬಹುದು. ಬ್ರೆಜಿಲ್‌ನಲ್ಲಿ ಸಿಕ್ಕ ಚೂರುಗಳು 5.5ರಿಂದ 26.4 ಮೈಕ್ರಾನ್‌ನವು, ಅಂದರೆ ವಿಯೆನ್ನಾದ ಇಲಿಗಳಲ್ಲಿ ದಾಟಿದ್ದಕ್ಕಿಂತ ಎಷ್ಟೋ ದೊಡ್ಡವು. ರಕ್ತದ ದಾರಿಯಲ್ಲಿ ಇಷ್ಟು ದೊಡ್ಡವು ಬರುವುದು ಕಷ್ಟ. ಹಾಗಾಗಿ ಮೂಗಿನ ಮೇಲೆಯೇ ಅನುಮಾನ ಜಾಸ್ತಿ.

ಮರೆವಿನ ಕಾಯಿಲೆ ಪ್ಲಾಸ್ಟಿಕ್‌ನಿಂದ ಬರುತ್ತದಾ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಬರುತ್ತದೆ ಅಂತ ಯಾವ ಅಧ್ಯಯನವೂ ತೋರಿಸಿಲ್ಲ.

ನ್ಯೂ ಮೆಕ್ಸಿಕೊ ಅಧ್ಯಯನದಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದ 12 ಜನರ ಮೆದುಳೂ ಇದ್ದವು. ಅವುಗಳಲ್ಲಿ ಒಂದು ಗ್ರಾಂಗೆ ಸುಮಾರು 26,000 ಮೈಕ್ರೋಗ್ರಾಂ ಸಿಕ್ಕಿತು. ಉಳಿದವರ ಐದು ಪಟ್ಟು. ಸುದ್ದಿಯ ತಲೆಬರಹ ಇಲ್ಲಿಂದಲೇ ಬಂದದ್ದು.

ಆದರೆ ಯಾವುದು ಮೊದಲು? ಡಿಮೆನ್ಶಿಯಾದಲ್ಲಿ ಮೆದುಳಿನ ಕಾವಲು ಗೋಡೆಯೇ ಸಡಿಲವಾಗುತ್ತದೆ. ಕಸ ಹೊರಹಾಕುವ ವ್ಯವಸ್ಥೆಯೂ ಕುಂಟುತ್ತದೆ. ಅಂದಮೇಲೆ ಕಾಯಿಲೆ ಬಂದದ್ದರಿಂದ ಪ್ಲಾಸ್ಟಿಕ್ ಸೇರಿಕೊಂಡಿರಬಹುದು. ಇದನ್ನು ಅಧ್ಯಯನ ಮಾಡಿದವರೇ ತಮ್ಮ ಲೇಖನದಲ್ಲಿ ಹೇಳಿದ್ದಾರೆ. ಸುದ್ದಿ ಮಾಡಿದ ಎಷ್ಟೋ ಜನ ಆ ಸಾಲನ್ನು ಬಿಟ್ಟರು. ಜೊತೆಗೆ, ಕಾಯಿಲೆ ಬಿದ್ದ ಮೆದುಳು ಕುಗ್ಗುತ್ತದೆ, ಅದರ ಕೊಬ್ಬಿನ ರಚನೆ ಬದಲಾಗುತ್ತದೆ. ಮೇಲೆ ಹೇಳಿದ ಅಳತೆಯ ಗೊಂದಲ ಇಲ್ಲಿ ಇನ್ನೂ ಹೆಚ್ಚಿರಬಹುದು. 12 ಜನ ಅನ್ನುವುದೂ ತೀರಾ ಚಿಕ್ಕ ಸಂಖ್ಯೆ.

ಮನೆಯಲ್ಲಿ ಅಜ್ಜಿಗೋ ತಂದೆಗೋ ಮರೆವು ಶುರುವಾಗಿದ್ದರೆ, "ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಕೊಟ್ಟಿದ್ದೇ ತಪ್ಪಾಯ್ತು" ಅಂತ ಯಾರೂ ಕೊರಗಬೇಕಾಗಿಲ್ಲ.

ಪಾರ್ಕಿನ್ಸನ್ ಕಾಯಿಲೆ?

ಇದರಲ್ಲಿ ಇರುವುದು ಲ್ಯಾಬಿನ ಸುಳಿವು. ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಅನ್ನುವ ಪ್ರೋಟೀನ್ ಮೆದುಳಿನಲ್ಲಿ ಗಂಟು ಕಟ್ಟುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ, ಪಾಲಿಸ್ಟೈರೀನ್ ನ್ಯಾನೋ ಕಣಗಳು ಈ ಪ್ರೋಟೀನನ್ನು ಹಿಡಿದುಕೊಂಡು ಗಂಟು ಕಟ್ಟುವುದನ್ನು ಜೋರು ಮಾಡುತ್ತವೆ ಅಂತ ತೋರಿಸಿತು. ಪರೀಕ್ಷಾ ನಳಿಕೆಯಲ್ಲಿ, ನರಕೋಶಗಳಲ್ಲಿ, ಇಲಿಗಳಲ್ಲಿ, ಮೂರೂ ಕಡೆ ಕಂಡಿತು. ಮನುಷ್ಯರಲ್ಲಿ ಹೀಗೇ ಆಗುತ್ತದೆ ಅನ್ನುವುದಕ್ಕೆ ಇದು ಸಾಲದು.

ಸ್ಟ್ರೋಕ್ ಬಗ್ಗೆ ಏನು ಗೊತ್ತಿದೆ?

ಮನುಷ್ಯರ ಮಟ್ಟಿಗೆ ಇರುವ ಗಟ್ಟಿ ಅಧ್ಯಯನ ಅಂದರೆ ಇದರದ್ದೇ. ಇಟಲಿಯ ನೇಪಲ್ಸ್‌ನ ಸಂಶೋಧಕರು ಮುಂದಾಳಾಗಿದ್ದ ತಂಡ, ಮೆದುಳಿಗೆ ರಕ್ತ ಒಯ್ಯುವ ಕತ್ತಿನ ನಾಳದಲ್ಲಿ ಕೊಬ್ಬು ಕಟ್ಟಿ ಆಪರೇಷನ್ ಮಾಡಿಸಿಕೊಂಡವರನ್ನು ಹಿಂಬಾಲಿಸಿತು. ತೆಗೆದ ಕೊಬ್ಬಿನ ಗಡ್ಡೆಯನ್ನು ಪರೀಕ್ಷಿಸಿದಾಗ 257 ಜನರಲ್ಲಿ 150 ಜನರ ಗಡ್ಡೆಯಲ್ಲಿ ಪಾಲಿಥಿಲೀನ್ ಇತ್ತು. ಸುಮಾರು 34 ತಿಂಗಳಲ್ಲಿ, ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಸ್ಟ್ರೋಕ್ ಅಥವಾ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚು ಕಂಡಿತು. 2024ರ ಮಾರ್ಚ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು.

ಇದೂ ಸಂಬಂಧ ಮಾತ್ರ, ಕಾರಣ ಅಂತ ಸಾಬೀತಾಗಿಲ್ಲ. ಪಾಲಿಥಿಲೀನ್ ಅಳೆದದ್ದೂ ಅದೇ ಸುಡುವ ವಿಧಾನದಲ್ಲೇ. ಆದರೆ ಜನರನ್ನು ಮೂರು ವರ್ಷದ ಹತ್ತಿರ ಹಿಂಬಾಲಿಸಿದ್ದಾರೆ, ಸತ್ತವರನ್ನು ಒಮ್ಮೆ ನೋಡಿ ಬಿಟ್ಟದ್ದಲ್ಲ. ಮೆದುಳಿನೊಳಗೆ ಸೇರಿತೋ ಇಲ್ಲವೋ ಅನ್ನುವುದಕ್ಕಿಂತ, ಮೆದುಳಿಗೆ ಹೋಗುವ ನಾಳಗಳಿಗೆ ಏನು ಮಾಡುತ್ತದೆ ಅನ್ನುವುದೇ ಮುಂದೆ ದೊಡ್ಡ ಪ್ರಶ್ನೆ ಆಗಬಹುದು ಅಂತ ನನ್ನ ಅನಿಸಿಕೆ.

2025ರ ಜನವರಿಯಲ್ಲಿ ಚೀನಾದ ಸಂಶೋಧಕರು ಬದುಕಿರುವ ಇಲಿಗಳ ಮೆದುಳಿನಲ್ಲಿ ಕಂಡ ಇನ್ನೊಂದನ್ನು ವರದಿ ಮಾಡಿದರು. ರಕ್ತದ ರೋಗನಿರೋಧಕ ಕೋಶಗಳು ಪ್ಲಾಸ್ಟಿಕ್ ಕಣಗಳನ್ನು ನುಂಗಿ, ಸಣ್ಣ ನಾಳಗಳ ತಿರುವಿನಲ್ಲಿ ಸಿಕ್ಕಿಹಾಕಿಕೊಂಡವು. ಇಲಿಗಳ ಓಡಾಟ ಕಡಿಮೆಯಾಯಿತು. ಮನುಷ್ಯರಲ್ಲಿ ರಕ್ತದ ಪ್ರಮಾಣ, ನಾಳದ ಅಗಲ ಎಲ್ಲ ಬೇರೆ. ಹಾಗಾಗಿ ಇದನ್ನು ನೇರವಾಗಿ ನಮಗೆ ಹೊಂದಿಸುವಂತಿಲ್ಲ.

ಇಲಿಗಳ ಅಧ್ಯಯನಗಳನ್ನು ಎಷ್ಟು ನಂಬಬಹುದು?

ಹೀಗೂ ಆಗಬಹುದು ಅನ್ನುವಷ್ಟು. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಮೂರು ವಾರ ಪಾಲಿಸ್ಟೈರೀನ್ ಬೆರೆಸಿದ ನೀರು ಕುಡಿದ ಇಲಿಗಳ ನಡವಳಿಕೆ ಬದಲಾಯಿತು. ವಯಸ್ಸಾದ ಇಲಿಗಳಲ್ಲಿ ಇನ್ನೂ ಜಾಸ್ತಿ. ಬೇರೆ ಅಧ್ಯಯನಗಳಲ್ಲಿ ಮೆದುಳಿನ ಉರಿಯೂತ, ನೆನಪಿನ ತೊಂದರೆ ಕಂಡಿವೆ.

ಆದರೆ ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಕಂಪನಿಯಿಂದ ತರಿಸಿದ ಗುಂಡನೆಯ, ನುಣುಪಾದ ಪಾಲಿಸ್ಟೈರೀನ್ ಮಣಿಗಳು. ನಮ್ಮ ಮೈಗೆ ಸೇರುವುದು ಚೂಪಾದ, ಹಳೆಯದಾದ, ಬಣ್ಣ-ರಾಸಾಯನಿಕ ಅಂಟಿದ ನಾನಾ ಬಗೆಯ ಚೂರುಗಳು. ಕೊಡುವ ಪ್ರಮಾಣವೂ ಸಾಮಾನ್ಯವಾಗಿ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಲ್ಲ ಅಧ್ಯಯನಗಳನ್ನು ಪರಿಶೀಲಿಸಿ, ಅಪಾಯ ಎಷ್ಟು ಅಂತ ಹೇಳಲು ಈಗಿರುವ ಮಾಹಿತಿ ಸಾಲದು, ಆದರೂ ಪ್ಲಾಸ್ಟಿಕ್ ಬಳಕೆ ತಗ್ಗಿಸುವುದು ಒಳ್ಳೆಯದು ಅಂದಿತು.

ಎಳೆ ಮಕ್ಕಳಿಗೆ ಹೆಚ್ಚು ಅಪಾಯವಾ?

ಮೆದುಳು ಬೆಳೆಯುತ್ತಿರುವ ವಯಸ್ಸಾದ್ದರಿಂದ ಎಚ್ಚರ ಜಾಸ್ತಿ ಇರಲಿ. ಐರ್ಲೆಂಡಿನ ಟ್ರಿನಿಟಿ ಕಾಲೇಜ್ ಡಬ್ಲಿನ್ 2020ರಲ್ಲಿ ಪಾಲಿಪ್ರೊಪಿಲೀನ್ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿತು. ಪುಡಿ ಹಾಲು ಕಲಸುವ ಹಾಗೆ ಬಿಸಿನೀರು ಹಾಕಿ ಅಲ್ಲಾಡಿಸಿದರೆ ಲೀಟರಿಗೆ 1.6 ಕೋಟಿಯವರೆಗೂ ಕಣಗಳು ಬಂದವು. ನೀರು ಬಿಸಿಯಾದಷ್ಟೂ ಜಾಸ್ತಿ.

ಪರಿಹಾರ ಸುಲಭ. ಪುಡಿ ಹಾಲನ್ನು ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಬಿಸಿನೀರಿನಲ್ಲಿ ಕಲಸಿ, ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಹಾಕಿ. ಬಾಟಲಿಯನ್ನು ಕುದಿಸಿದ್ದರೆ, ಆರಿದ ಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ಬಾಟಲಿ ಕುದಿಸುವುದನ್ನೇ ಬಿಡಬೇಡಿ. ಕೂಸಿಗೆ ಭೇದಿ ಹಿಡಿಯುವ ಅಪಾಯ ಇವತ್ತಿನದು, ಕಣ್ಣೆದುರಿನದು. ಸ್ಟೀಲ್ ಒಳಲೆ, ಚಮಚ ಇನ್ನೂ ವಾಸಿ.

ನಮ್ಮ ದೇಶದ ಆಹಾರದಲ್ಲಿ ಎಷ್ಟಿದೆ?

ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2024ರಲ್ಲಿ 10 ಬಗೆಯ ಉಪ್ಪು, 5 ಬಗೆಯ ಸಕ್ಕರೆ ಪರೀಕ್ಷಿಸಿತು. ಎಲ್ಲದರಲ್ಲೂ ಸಿಕ್ಕಿತು. ಉಪ್ಪಿನಲ್ಲಿ ಕೆಜಿಗೆ ಸುಮಾರು 7ರಿಂದ 89 ಚೂರು. ಕೇಳಲು ಗಾಬರಿ. ಆದರೆ ಲೆಕ್ಕ ಹಾಕಿ: ದಿನಕ್ಕೆ 10 ಗ್ರಾಂ ಉಪ್ಪು ತಿಂದರೆ ಹೆಚ್ಚೆಂದರೆ ಒಂದು ಚೂರು. ಅಷ್ಟು ಉಪ್ಪು ತಿಂದರೆ ಏರುವ ಬಿಪಿ ಮೆದುಳಿಗೆ ಮಾಡುವ ಹಾನಿ ಇದಕ್ಕಿಂತ ಎಷ್ಟೋ ದೊಡ್ಡದು.

ಅದೇ ವರ್ಷ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ಆಹಾರದಲ್ಲಿ ಮೈಕ್ರೋಪ್ಲಾಸ್ಟಿಕ್ ಅಳೆಯುವ ವಿಧಾನ ರೂಪಿಸಲು ಒಂದು ಯೋಜನೆ ಶುರು ಮಾಡಿತು. ಲಖನೌದ ವಿಷವಿಜ್ಞಾನ ಸಂಸ್ಥೆ, ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ, ಪಿಲಾನಿಯ ಬಿಟ್ಸ್ ಇದರಲ್ಲಿವೆ.

ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಹಾಕುವುದನ್ನು ನಿಲ್ಲಿಸಿದ್ದು ಇದಕ್ಕೇನಾ?

2025ರ ಫೆಬ್ರವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ರಾಜ್ಯದ ಸುಮಾರು 250 ಕಡೆ ಇಡ್ಲಿ ಮಾದರಿ ತೆಗೆದಾಗ, 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ತೆಳ್ಳನೆ ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದದ್ದು ಕಂಡಿತು. ಆಗ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಹೇಳಿದರು. ಅಲ್ಲಿ ಮುಂದಿಟ್ಟದ್ದು ಬಿಸಿಗೆ ಪ್ಲಾಸ್ಟಿಕ್‌ನಿಂದ ಇಳಿಯುವ ರಾಸಾಯನಿಕಗಳ ಮತ್ತು ಕ್ಯಾನ್ಸರ್‌ನ ಭಯ, ಮೆದುಳಿನದಲ್ಲ. ಆದರೂ ಕ್ರಮ ಸರಿಯಾದದ್ದೇ. ಹಬೆ, ತೆಳು ಪ್ಲಾಸ್ಟಿಕ್, ಮೆತ್ತನೆ ಹಿಟ್ಟು, ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ. ಇಡ್ಲಿಗೆ ಬಟ್ಟೆಯೇ ಚಂದ.

ಪೇಪರ್ ಕಪ್ಪಿನಲ್ಲಿ ಟೀ ಕುಡಿದರೆ ಪರವಾಗಿಲ್ವಾ?

ಪೇಪರ್ ಕಪ್ ಪೂರ್ತಿ ಪೇಪರ್ ಅಲ್ಲ. ಸೋರದಿರಲಿ ಅಂತ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ 85-90 ಡಿಗ್ರಿಯ 100 ಮಿಲಿ ಬಿಸಿನೀರನ್ನು 15 ನಿಮಿಷ ಇಂಥ ಕಪ್ಪಿನಲ್ಲಿ ಇಟ್ಟಾಗ ಸುಮಾರು 25,000 ಕಣಗಳು ಇಳಿದವು. ದರ್ಶಿನಿಯಲ್ಲಿ ಸ್ಟೀಲ್ ಲೋಟ, ಗಾಜಿನ ಲೋಟ ಕೇಳಿ ತೆಗೆದುಕೊಳ್ಳಿ. ಆಫೀಸಿನಲ್ಲಿ ಒಂದು ಪಿಂಗಾಣಿ ಕಪ್ ಇಟ್ಟುಕೊಳ್ಳಿ.

ಕ್ಯಾನ್ ನೀರು, ಆರ್‌ಒ, ಕುದಿಸಿದ ನೀರು – ಯಾವುದು ವಾಸಿ?

ಆರ್‌ಒ ಪೊರೆ ಪ್ಲಾಸ್ಟಿಕ್ ಕಣಗಳನ್ನು ಚೆನ್ನಾಗಿಯೇ ತಡೆಯುತ್ತದೆ. ತಮಾಷೆ ಅಂದರೆ, ಕೊಲಂಬಿಯಾ ವಿಶ್ವವಿದ್ಯಾಲಯದವರಿಗೆ ಬಾಟಲಿ ನೀರಿನಲ್ಲಿ ನೈಲಾನ್ ಜಾತಿಯ ಪ್ಲಾಸ್ಟಿಕ್ ಜಾಸ್ತಿ ಸಿಕ್ಕಿತ್ತು. ಅದು ನೀರು ಶುದ್ಧ ಮಾಡುವ ಫಿಲ್ಟರ್‌ನಿಂದಲೇ ಬಂದಿರಬಹುದು ಅಂತ ಅವರ ಊಹೆ. ಬಿಸಿಲಿನಲ್ಲಿ ಟೆಂಪೋ ಮೇಲೆ ಬರುವ, ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಮತ್ತೆ ತುಂಬಿಸುವ 20 ಲೀಟರ್ ಕ್ಯಾನ್ ಬಗ್ಗೆ ನನಗೆ ಹೆಚ್ಚು ಅನುಮಾನ.

ಬೋರ್‌ವೆಲ್ ನೀರು ಕುಡಿಯುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಚೀನಾದ ಗ್ವಾಂಗ್‌ಜೌ ಸಂಶೋಧಕರು 2024ರಲ್ಲಿ ತೋರಿಸಿದ ಹಾಗೆ, ಗಡಸು ನೀರನ್ನು ಐದು ನಿಮಿಷ ಕುದಿಸಿದರೆ ಸುಣ್ಣದ ಅಂಶ ಗಟ್ಟಿಯಾಗುವಾಗ ಪ್ಲಾಸ್ಟಿಕ್ ಕಣಗಳನ್ನೂ ಹಿಡಿದುಕೊಳ್ಳುತ್ತದೆ. ತಳಕ್ಕೆ ಕೂತ ಆ ಬಿಳಿ ಪುಡಿಯನ್ನು ಬಿಟ್ಟು ಸೋಸಿದರೆ ಶೇ 90ರವರೆಗೆ ಪ್ಲಾಸ್ಟಿಕ್ ಹೋಗುತ್ತದೆ. ಮೆದು ನೀರಿನಲ್ಲಿ ಸುಮಾರು ಶೇ 25 ಮಾತ್ರ. ಕೋಲಾರ, ತುಮಕೂರು ಕಡೆ ಪಾತ್ರೆಗೆ ಬಿಳಿ ಕಟ್ಟುತ್ತದೆ ಅಂತ ಬೈಯುವ ನೀರು ಈ ಒಂದು ವಿಷಯದಲ್ಲಿ ಮುಂದೆ. ಕುದಿಸಿದ್ದರಿಂದ ಫ್ಲೋರೈಡ್ ಹೋಗುವುದಿಲ್ಲ, ಅದು ನೆನಪಿರಲಿ.

ಅಡುಗೆಮನೆಯಲ್ಲಿ ಏನೇನು ಬದಲಿಸಬೇಕು?

ಒಂದೇ ಮಾತಿನಲ್ಲಿ: ಬಿಸಿಯನ್ನೂ ಪ್ಲಾಸ್ಟಿಕ್ಕನ್ನೂ ಜೊತೆ ಸೇರಿಸಬೇಡಿ. ಕುದಿಯುವ ಸಾಂಬಾರನ್ನು ಕವರಿಗೆ ಕಟ್ಟಿಸಿಕೊಳ್ಳುವ ಬದಲು ಮನೆಯಿಂದ ಸ್ಟೀಲ್ ಕ್ಯಾರಿಯರ್ ಒಯ್ಯಿರಿ. ಮೈಕ್ರೋವೇವ್‌ಗೆ ಪ್ಲಾಸ್ಟಿಕ್ ಡಬ್ಬಿ ಬೇಡ, "ಮೈಕ್ರೋವೇವ್ ಸೇಫ್" ಅಂತ ಬರೆದಿದ್ದರೂ ಬೇಡ. ಆ ಮಾತಿನ ಅರ್ಥ ಡಬ್ಬಿ ಕರಗಿ ವಕ್ರ ಆಗುವುದಿಲ್ಲ ಅಂತ, ಕಣಗಳು ಬರುವುದೇ ಇಲ್ಲ ಅಂತಲ್ಲ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು 2023ರಲ್ಲಿ ನೋಡಿದಾಗ, ಮೂರು ನಿಮಿಷ ಬಿಸಿ ಮಾಡಿದರೆ ಕೆಲವು ಡಬ್ಬಿಗಳ ಒಂದು ಚದರ ಸೆಂಟಿಮೀಟರ್ ಜಾಗದಿಂದ 200 ಕೋಟಿಗೂ ಹೆಚ್ಚು ನ್ಯಾನೋ ಕಣಗಳು ಹೊರಬಂದವು. ತರಕಾರಿ ಹೆಚ್ಚಲು ಈಳಿಗೆಮಣೆ ಇದ್ದರೆ ಇನ್ನೇನು ಬೇಕು. ಪ್ಲಾಸ್ಟಿಕ್ ಕಟಿಂಗ್ ಬೋರ್ಡಿನ ಗೀರುಗಳೆಲ್ಲ ಪಲ್ಯಕ್ಕೇ ಹೋಗುವುದು.

ಮನೆಯ ಧೂಳಿಗೆ ಏನು ಮಾಡುವುದು?

ಸಿಂಥೆಟಿಕ್ ಪರದೆ, ಕಾರ್ಪೆಟ್, ಬಟ್ಟೆಯ ಎಳೆಗಳು ಧೂಳಿನಲ್ಲಿ ಇದ್ದೇ ಇರುತ್ತವೆ. ಒಣ ಪೊರಕೆಯಿಂದ ಗುಡಿಸಿದರೆ ಅದು ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದು ವಾಸಿ, ಕಿಟಕಿ ತೆರೆದಿಡಿ.

ನನ್ನ ಮೆದುಳಿನಲ್ಲಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬಹುದಾ? ಡಿಟಾಕ್ಸ್ ಇದೆಯಾ?

ಬದುಕಿರುವವರ ಮೆದುಳಿನಲ್ಲಿ ಅಳೆಯುವ ಪರೀಕ್ಷೆ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದಿಲ್ಲ. ರಕ್ತದಲ್ಲಿ ಅಳೆದು ಕೊಡುತ್ತೇವೆ ಅನ್ನುವವರಿದ್ದಾರೆ, ಆದರೆ ಆ ಅಂಕಿ ಕೈಗೆ ಬಂದರೆ ವೈದ್ಯರು ಮಾಡುವಂಥದ್ದು ಏನೂ ಇಲ್ಲ. ಎಷ್ಟು ಇದ್ದರೆ ಜಾಸ್ತಿ ಅನ್ನುವುದಕ್ಕೆ ಮಿತಿಯೇ ನಿಗದಿಯಾಗಿಲ್ಲ.

ಲಂಡನ್‌ನಲ್ಲಿ ರಕ್ತ ಹೊರತೆಗೆದು ಸೋಸಿ ಪ್ಲಾಸ್ಟಿಕ್ ತೆಗೆಯುತ್ತೇವೆ ಅಂತ ಲಕ್ಷಗಟ್ಟಲೆ ರೂಪಾಯಿ ತೆಗೆದುಕೊಳ್ಳುವ ಕ್ಲಿನಿಕ್ ಶುರುವಾಗಿದೆ. ಅದರಿಂದ ಆರೋಗ್ಯ ಸುಧಾರಿಸುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ನಮ್ಮಲ್ಲಿ ಕಷಾಯ, ಕ್ಯಾಪ್ಸೂಲ್ ರೂಪದಲ್ಲಿ ಮಾರಲು ಬಂದರೂ ಅದೇ ಮಾತು. ದುಡ್ಡು ಉಳಿಸಿಕೊಳ್ಳಿ.

ಮೆದುಳಿನ ಆರೋಗ್ಯಕ್ಕೆ ಮೊದಲು ಏನು ನೋಡಿಕೊಳ್ಳಬೇಕು?

'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಶಿಯಾಗೆ ನಾವು ಬದಲಿಸಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಬೀಡಿ-ಸಿಗರೇಟು, ವಿಪರೀತ ಕುಡಿತ, ಕಿವುಡು, ಕಣ್ಣಿನ ತೊಂದರೆ, ತಲೆಗೆ ಪೆಟ್ಟು, ಒಂಟಿತನ, ವಾಯುಮಾಲಿನ್ಯ ಹೀಗೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಶೇ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅಂದಾಜು. ಪ್ಲಾಸ್ಟಿಕ್ ಆ ಪಟ್ಟಿಯಲ್ಲಿಲ್ಲ. ಸ್ಟೀಲ್ ಬಾಟಲಿ ಹಿಡಿದು ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವವರನ್ನು ನೋಡಿದಾಗ ನನಗೆ ಈ ಪಟ್ಟಿ ನೆನಪಾಗುತ್ತದೆ.

ನಮ್ಮ ಹಳ್ಳಿಗಳ ಬಗ್ಗೆ ನಮ್ಮದೇ ಮಾಹಿತಿ ಬರಲಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸುತ್ತಾ, ಯಾರಿಗೆ ಯಾಕೆ ಮರೆವು ಬರುತ್ತದೆ ಅಂತ ನೋಡುತ್ತಿದೆ.

ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಬಿಸಾಡಲಾ?

ಬೇಡ. ಬೇಳೆ, ರಾಗಿ, ಸಾಸಿವೆ ತುಂಬಿಡಲು ಅವು ಚೆನ್ನಾಗಿಯೇ ಇವೆ. ತಣ್ಣಗಿನ, ಒಣಗಿದ ಪದಾರ್ಥಕ್ಕೆ ಪ್ಲಾಸ್ಟಿಕ್ ಅಷ್ಟಾಗಿ ಬಿಡುವುದಿಲ್ಲ. ಗೀರು ಬಿದ್ದು ಮಂಕಾದ ಡಬ್ಬಿಯಲ್ಲಿ ಮಾತ್ರ ಬಿಸಿ ಊಟ, ಎಣ್ಣೆ, ಉಪ್ಪಿನಕಾಯಿ ಇಡಬೇಡಿ. ತೀರಾ ಹಾಳಾದದ್ದನ್ನು ಒಣ ಕಸದ ಗಾಡಿಗೆ ಕೊಡಿ. ಹಿತ್ತಲಲ್ಲೋ ರಸ್ತೆ ಬದಿಯಲ್ಲೋ ಗುಡ್ಡೆ ಹಾಕಿ ಬೆಂಕಿ ಹಚ್ಚಬೇಡಿ. ಆ ಹೊಗೆ ವಾಯುಮಾಲಿನ್ಯ, ಮತ್ತು ವಾಯುಮಾಲಿನ್ಯ ಮೇಲಿನ 14ರ ಪಟ್ಟಿಯಲ್ಲಿ ಇದೆ.